ಏಳನೇ ಕಾಲಂ

ಎರಡು ಬೀಗ ಆ ಬಾಗಿಲಿಗೆ.
ಒಂದರ ಕೀಲಿ ಬೆಹರಾಮ್ ಸಾಹೇಬರ ಕೋಟಿನಲ್ಲಿ,
ಇನ್ನೊಂದು ನಮ್ಮಪ್ಪನ ಉಡಿದಾರದಲ್ಲಿ.
ಇಬ್ಬರೂ ಒಟ್ಟಿಗೆ ಬಾರದೆ
ಬೀರೂರಿನ ಭಟ್ಟಿ ಗೋದಾಮಿಗೆ
ಇರುವೆಯೂ ಹೋಗುವಂತಿಲ್ಲ ಎಂದು
ಸರ್ಕಾರ ನಂಬಿತ್ತು. ಇರುವೆ ನಂಬಿರಲಿಲ್ಲ.

ಪಾನನಿರೋಧ ಬಂದ ದಿನ
ಅರಗು ಕಾಯಿಸಿ ಮುದ್ರೆ ಒತ್ತಿದರಂತೆ
ಅರವತ್ತೆರಡು ವಿಸ್ಕಿ ಪೀಪಾಯಿಗಳ ಬಾಯಿಗೆ.
ಅಪ್ಪನ ಹೆಬ್ಬೆರಳು ಸುಟ್ಟಿತು.
ಆ ಬೊಬ್ಬೆ ಒಡೆದು ಮಾಯುವುದರೊಳಗೆ
ಭಟ್ಟಿಯ ಕೊಳವೆಗೆ ಕಿಲುಬು ಹತ್ತಿತ್ತು.

ತಾಮ್ರಕ್ಕೆ ಕೆಲಸ ಕೊಡದಿದ್ದರೆ ಸಾಯುತ್ತೆ ಸ್ವಾಮಿ,
ಅಂದ ಬೋಗಾರ ಧರಣಪ್ಪ,
ಹುಣಸೆಹಣ್ಣು ಹಚ್ಚಿ ಹಂಡೆಯ ಹೊಟ್ಟೆ ತಿಕ್ಕುತ್ತ.

ಕೆಲಸ ಕೊಟ್ಟರು.
ಮೊದಲು ಮಜ್ಜಿಗೆಹುಲ್ಲಿನ ಎಣ್ಣೆ; ಬೀದಿಗೆ ಬೀದಿಯೇ ನಿಂಬೆ ವಾಸನೆ.
ಆಮೇಲೆ ವಿನಿಗರ್. ಕೊಳ್ಳುವವರಿಲ್ಲದೆ
ಮೋರಿಗೆ ಚೆಲ್ಲಿದಾಗ ಹಂದಿಗಳು ಸೀನಿದವು.
ಟಿಂಚರ್ ಮಾಡಿದರು, ಪಾಲಿಷ್ ಮಾಡಿದರು,
ಕೊನೆಗೆ ಕೈಹಿಡಿದದ್ದು ಅರಿಷ್ಟ:
ಊಟಕ್ಕೆ ಮೊದಲು ಎರಡು ಚಮಚ, ಪಂಡಿತರ ಚೀಟಿಯ ಮೇರೆಗೆ.
ಆ ವರ್ಷ ಬೀರೂರಿಗೆ ಬೀರೂರೇ ಅಜೀರ್ಣ.
ಬೆಳಗಿನಿಂದ ಏನೂ ತಿನ್ನದವರಿಗೂ ಅಜೀರ್ಣ.
ಕಡೂರಿನಿಂದ ಸೈಕಲ್ ತುಳಿದು ಬಂದ ಅಜೀರ್ಣ
ಅಂಗಡಿ ಕಟ್ಟೆಯ ಮೇಲೆ ಕೂತು
ಸೀಸೆಯ ಬಿರಡೆ ಹಲ್ಲಲ್ಲಿ ಕಚ್ಚಿ ತೆಗೆಯುತ್ತಿತ್ತು.

ನಗಬೇಡಿ.
ಪಾಲಿಷ್ ಕುಡಿದ ಗೂಡ್ಸ್ ಶೆಡ್ಡಿನ ಹಮಾಲಿ ಮೈಲಾರಿ
ಬೆಳಗಾಗಿಲ್ಲ ಇನ್ನೂ ಅಂತ ಮಲಗೇ ಇದ್ದ.
ಹೆಂಡತಿ ಬಿಸಿಲಿಗೆ ಎಳೆದು ಕೂರಿಸಿದ ಮೇಲೂ
ಯಾಕೇ ದೀಪ ಹಚ್ಚಿಲ್ಲ ಅಂತ ಕೇಳಿದ.
ಆ ಡಬ್ಬಿಯ ಲೇಬಲ್ ಅಪ್ಪನೇ ನೋಡಿ ಸಹಿ ಹಾಕಿದ್ದು:
ಕುರ್ಚಿ ಮೇಜುಗಳಿಗೆ ಮಾತ್ರ.
ಮೈಲಾರಿಗೆ ಓದು ಬರುತ್ತಿರಲಿಲ್ಲ.

ಒಳಗೆ, ಮುದ್ರೆಯ ಹಿಂದೆ,
ಅರವತ್ತೆರಡು ಪೀಪಾಯಿ ಏನು ಮಾಡುತ್ತಿದ್ದವು?
ವರ್ಷಕ್ಕೊಮ್ಮೆ, ಮಾರ್ಚ್ ತಿಂಗಳಲ್ಲಿ, ಎರಡೂ ಬೀಗ ತೆಗೆದು
ಅಪ್ಪ ಅಳತೆಕೋಲು ಇಳಿಸುತ್ತಿದ್ದ.
ರಿಜಿಸ್ಟರಿನ ಆರು ಕಾಲಂ ತುಂಬಲು ಲೆಕ್ಕ ಬಂದರೆ ಸಾಕು,
ಏಳನೆಯದಕ್ಕೆ ಎದೆ ಬೇಕು ಅನ್ನುತ್ತಿದ್ದ.
ಅದರ ತಲೆಬರಹ: ಒಣಗಿದ್ದು.
ಬಿಗಿದ ಬಾಯಿ ಬಿಗಿದಂತೆಯೇ ಇದೆ, ಅರಗು ಬಿರಿದಿಲ್ಲ,
ಆದರೂ ಎರಡು ಬೆರಳು ಕಮ್ಮಿ.
ಮರುವರ್ಷ ಇನ್ನೆರಡು.

ತೊಟ್ಟು ಮುಟ್ಟಿದವನಲ್ಲ ನಮ್ಮಪ್ಪ.
ಆದರೂ ಆ ಸಂಜೆ ಅವನ ಅಂಗಿ ಒಗೆಯುವ ಮುಂಚೆ
ಅಮ್ಮ ಒಂದು ಗಳಿಗೆ ಕಾಲರಿಗೆ ಮೂಗಿಟ್ಟು,
ನನ್ನ ಕಂಡು, ನೀರಿಗೆ ಅದ್ದಿಬಿಡುತ್ತಿದ್ದಳು.
ಬೆಲ್ಲ ಸೀದ ವಾಸನೆ, ಹಳೇ ಮರ, ಎಂಥದೋ ಹಣ್ಣು.
ನಾನೂ ಮೂಸಿದ್ದೇನೆ. ಹೇಳಿರಲಿಲ್ಲ.

ಹದಿನೈದು ವರ್ಷದ ಮೇಲೆ ನಿರೋಧ ಹೋಯಿತು,
ಬಂದಷ್ಟೇ ಸಲೀಸಾಗಿ, ಗೆಜೆಟ್ಟಿನ ಒಂದು ಹಾಳೆಯಲ್ಲಿ.
ಬೆಹರಾಮ್ ಸಾಹೇಬರು ಅಷ್ಟರಲ್ಲಿ ಗೋಡೆಯ ಪಟ;
ಅವರ ಅಳಿಯ ಕೀಲಿ ತಂದ.
ಮೇಲಿನಿಂದ ಬಂದ ಅಧಿಕಾರಿ ಕೂಡಿಸಿ, ಕಳೆದು, ಕೇಳಿದ:
ಐನೂರ ಹನ್ನೊಂದು ಗ್ಯಾಲನ್ ಯಾರು ಕುಡಿದರು?

ಅಪ್ಪ ಮಾತಾಡದೆ ಗೋದಾಮಿನ ಹಿಂದಕ್ಕೆ ಕರೆದೊಯ್ದ.
ಗೋಡೆ ಕಪ್ಪು. ಸುಣ್ಣ ಬಳಿದಷ್ಟೂ ಮಸಿ ಉಗುಳುವ ಕಪ್ಪು.
ಸೂರು ಕಪ್ಪು, ಪಕ್ಕದ ಸೀಬೆಮರದ ತೊಗಟೆ ಕಪ್ಪು.
ಬೆಂಕಿ ಬಿದ್ದಿಲ್ಲ, ಹೊಗೆ ಹಾದಿಲ್ಲ.
ಇವು ಕುಡಿದವು ಸಾರ್, ಅಂದ.
ದಿನಾ. ಪರ್ಮಿಟ್ ಇಲ್ಲದೆ.

ಅಧಿಕಾರಿ ನಗಲಿಲ್ಲ. ಗೋಡೆಗೆ ನೋಟೀಸು ಕೊಡುವ ಕಾಯಿದೆ ಇಲ್ಲ.
ಅಪ್ಪನ ಪಿಂಚಣಿಯಲ್ಲಿ ತಿಂಗಳಿಗೆ ಹದಿನಾಲ್ಕು ರೂಪಾಯಿ
ಮುರಿದುಕೊಂಡರು, ಅವನು ಇರುವವರೆಗೆ.

ಉಳಿದದ್ದು ಬಲು ಚೆನ್ನಾಗಿತ್ತಂತೆ.
ಕೇಳಿದ ಬೆಲೆ ಕೊಟ್ಟು ಕೊಂಡರು ಕ್ಲಬ್ಬಿನವರು,
ಕಾದದ್ದಕ್ಕೆ ರುಚಿ ಹೆಚ್ಚು ಅಂದರು.
ಭಟ್ಟಿಗೆ ಮತ್ತೆ ಕಾಕಂಬಿ ಗಾಡಿಗಳು ಬಂದವು.
ಮೈಲಾರಿ ಗೇಟಿನಲ್ಲಿ ಕೂತು ಚಕ್ರದ ಸದ್ದು ಎಣಿಸುತ್ತಿದ್ದ.

ಪ್ರತಿ ಸೀಬೆಕಾಲಕ್ಕೂ ಅಪ್ಪ ಅಲ್ಲಿಗೆ ಹೋಗಿ
ಆ ಕರಿಮರದ ಒಂದೇ ಒಂದು ಹಣ್ಣು ಜೇಬಿನಲ್ಲಿ ತರುತ್ತಿದ್ದ.
ಪಂಚೆಗೆ ಒರೆಸಿ, ಹೋಳು ಮಾಡಿ,
ಅಮ್ಮನಿಗೊಂದು, ನನಗೊಂದು.
ಉಪ್ಪು ಖಾರ ಹಚ್ಚಲು ಬಿಡುತ್ತಿರಲಿಲ್ಲ.
ಹಾಗೇ ತಿನ್ನಿ, ಅನ್ನುತ್ತಿದ್ದ,
ನಮ್ಮ ದುಡ್ಡಿನದು.